ತೆಳು ಹಾಳೆಯಲ್ಲಿ ಶಬ್ದದ ಓಟ: ಪದೇ ಪದೇ ಕೇಳುವ ಪ್ರಶ್ನೆಗಳು

ತಗಡು, ಗಾಜು, ಸಿಲಿಕಾನ್ ಪದರಗಳಲ್ಲಿ ಓಡುವ ಶಬ್ದದ ಅಲೆಗಳೇ ಹಲವು ವರ್ಷಗಳಿಂದ ನನ್ನ ಕೆಲಸ. ಕಾಲೇಜುಗಳಿಗೆ ಮಾತನಾಡಲು ಹೋದಾಗ, ನೆಂಟರ ಮನೆಯ ಜಗಲಿಯಲ್ಲಿ ಕೂತಾಗ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲ ಭಾಗಕ್ಕೆ ಹೈಸ್ಕೂಲಿನ ವಿಜ್ಞಾನ ಸಾಕು. ಕೊನೆಯ ಭಾಗ ಎಂಜಿನಿಯರಿಂಗ್ ಅಥವಾ ಭೌತಶಾಸ್ತ್ರ ಓದುತ್ತಿರುವವರಿಗೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರುಮಾಡಬಹುದು.

## ಮೊದಲಿಗೆ

ಶಬ್ದ ಅಂದ್ರೆ ಗಾಳಿಯಲ್ಲಿ ಬರೋದು ತಾನೆ ಸರ್? ಗಟ್ಟಿ ಲೋಹದೊಳಗೆ ಅದು ಹೇಗೆ ಓಡಾಡುತ್ತೆ?

ಗಾಳಿಗಿಂತ ಲೋಹದಲ್ಲಿ ಅದರ ಓಟ ಇನ್ನೂ ಜೋರು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಉಕ್ಕಿನಲ್ಲಿ ಸುಮಾರು 5,900 ಮೀಟರ್ ಹೋಗುತ್ತದೆ. ಒಂದು ಕಣವನ್ನು ತಳ್ಳಿದರೆ ಪಕ್ಕದ ಕಣ ಎಷ್ಟು ಬಿಗಿಯಾಗಿ ಎದುರು ಒತ್ತುತ್ತದೆ ಎಂಬುದರ ಮೇಲೆ ವೇಗ ನಿಂತಿದೆ, ಉಕ್ಕಿನ ಬಿಗಿ ಬಹಳ ಹೆಚ್ಚು.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಗಾಳಿಯಲ್ಲಿ, ನೀರಿನಲ್ಲಿ ಶಬ್ದದ ಅಲೆ ಒಂದೇ ಬಗೆಯದು: ಒತ್ತುತ್ತಾ ಹಿಗ್ಗುತ್ತಾ ಸಾಗುವ ಅಲೆ. ಘನವಸ್ತುವಿನಲ್ಲಿ ಅಡ್ಡ ಅಲೆಯೂ ಇದೆ. ಇಸ್ಪೀಟು ಎಲೆಗಳ ಕಟ್ಟನ್ನು ಅಂಗೈಯಿಂದ ಓರೆಯಾಗಿ ಸರಿಸಿದಾಗ ಎಲೆಗಳು ಒಂದರ ಮೇಲೊಂದು ಜಾರುತ್ತವಲ್ಲ, ಆ ಬಗೆಯ ಚಲನೆ. ಉಕ್ಕಿನಲ್ಲಿ ಇದರ ವೇಗ ಸುಮಾರು 3,200 ಮೀಟರ್. ಈ ಎರಡು ಅಲೆಗಳು ವಸ್ತುವಿನ ಮೇಲ್ಮೈಗೆ ಓರೆಯಾಗಿ ಬಡಿದಾಗ ಒಂದು ಇನ್ನೊಂದಾಗಿ ಮಾರ್ಪಡುತ್ತದೆ. ತೆಳು ಹಾಳೆಯಲ್ಲಿ ಕಾಣುವ ವಿಚಿತ್ರಗಳೆಲ್ಲ ಹುಟ್ಟುವುದು ಈ ಮಾರ್ಪಾಟಿನಿಂದಲೇ.

ಅದೇ ಉಕ್ಕು. ದಪ್ಪ ಗಟ್ಟಿಯಾದರೇನು, ತೆಳು ತಗಡಾದರೇನು? ಅಲೆಗೆ ಹೇಗೆ ಗೊತ್ತಾಗುತ್ತೆ?

ಅಲೆ ತನ್ನ ತರಂಗದೂರವನ್ನೇ ಅಳತೆಗೋಲು ಮಾಡಿಕೊಂಡಿರುತ್ತದೆ. 10 ಲಕ್ಷ ಹರ್ಟ್ಸ್, ಅಂದರೆ 1 ಮೆಗಾಹರ್ಟ್ಸ್ ಆವೃತ್ತಿಯ ಅಲೆಯ ತರಂಗದೂರ ಉಕ್ಕಿನಲ್ಲಿ ಸುಮಾರು 6 ಮಿಲಿಮೀಟರ್. ಒಂದು ಮೀಟರ್ ದಪ್ಪದ ಗಟ್ಟಿಯ ನಡುವೆ ಆ ಅಲೆ ಹೊರಟರೆ ಅಂಚು ಎಲ್ಲಿದೆ ಎಂಬ ಗೊಡವೆಯೇ ಅದಕ್ಕಿಲ್ಲ. 2 ಮಿಲಿಮೀಟರ್ ತಗಡಿನಲ್ಲಿ ಹಾಗಲ್ಲ. ಒಂದು ಅಲೆ ಪೂರ್ತಿ ರೂಪ ತಳೆಯುವ ಮೊದಲೇ ಮೇಲಿನ ಮುಖವನ್ನೂ ಕೆಳಗಿನ ಮುಖವನ್ನೂ ಮುಟ್ಟಿರುತ್ತದೆ. ಆಗ ಓಡುವುದು 'ಉಕ್ಕಿನ ಅಲೆ' ಅಲ್ಲ, 'ಈ ದಪ್ಪದ ತಗಡಿನ ಅಲೆ'.

ಆದ್ದರಿಂದ ತೆಳುವೆಂದರೆ ಇಂತಿಷ್ಟೇ ಮಿಲಿಮೀಟರ್ ಎಂದು ಹೇಳಲಾಗದು. 20 ಸೆಂಟಿಮೀಟರ್ ಕಾಂಕ್ರೀಟ್ ಸ್ಲ್ಯಾಬ್ ಕೂಡ 1,000 ಹರ್ಟ್ಸ್ ಅಲೆಯ ಪಾಲಿಗೆ ತೆಳುವೇ, ಏಕೆಂದರೆ ಅಲ್ಲಿ ತರಂಗದೂರ ಸುಮಾರು 4 ಮೀಟರ್. ಈ ಪುಟದಲ್ಲಿ ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಆವೃತ್ತಿ ಮತ್ತು ದಪ್ಪ ಎರಡನ್ನೂ ಗುಣಿಸಿದಾಗ ಬರುವ ಸಂಖ್ಯೆಯೇ ಅಲೆಯ ನಡತೆಯನ್ನು ನಿರ್ಧರಿಸುತ್ತದೆ. 1 ಮಿಲಿಮೀಟರ್ ತಗಡಿನಲ್ಲಿ 2 ಮೆಗಾಹರ್ಟ್ಸ್ ಅಲೆ ಹೇಗೋ, ಅದೇ ಲೋಹದ 2 ಮಿಲಿಮೀಟರ್ ತಗಡಿನಲ್ಲಿ 1 ಮೆಗಾಹರ್ಟ್ಸ್ ಅಲೆಯೂ ಹಾಗೆಯೇ.

ನಮ್ಮ ಕೊಟ್ಟಿಗೆಗೆ ತಗಡು ಹಾಕಿಸಿದ್ದೇವೆ. ಮಳೆ ಬಂದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸೋದಿಲ್ಲ. ಹಂಚಿನ ಮನೆಯಲ್ಲಿ ಹೀಗೆ ಆಗಲ್ಲ, ಯಾಕೆ?

ಮಲೆನಾಡಿನಿಂದ ಬಂದ ಈ ಪ್ರಶ್ನೆಯಲ್ಲಿ ತಗಡಿನ ಭೌತಶಾಸ್ತ್ರದ ಬಹುಪಾಲು ಅಡಗಿದೆ. ಪ್ರತಿ ಹನಿ ಬಿದ್ದಾಗಲೂ ತಗಡು ಆ ಜಾಗದಲ್ಲಿ ಚೂರು ಬಾಗುತ್ತದೆ. ಆ ಬಾಗು ಕೆರೆಗೆ ಕಲ್ಲೆಸೆದಂತೆ ಸುತ್ತಲೂ ಹರಡುತ್ತದೆ. ತಗಡು ತೆಳು, ಹಗುರ, ಅಡ್ಡಿಯಿಲ್ಲದ ಉದ್ದನೆಯ ಹಾಳೆ; ಅದರೊಳಗೆ ಕಂಪನ ಬೇಗ ಸಾಯುವುದೂ ಇಲ್ಲ. ಸಾವಿರಾರು ಹನಿಗಳ ಬಾಗು ಅಲೆಗಳು ಇಡೀ ಮಾಡನ್ನೇ ಸ್ಪೀಕರಿನ ಪರದೆಯಂತೆ ಅಲುಗಿಸುತ್ತವೆ.

ಹಂಚು ದಪ್ಪ, ಭಾರ, ಮೇಲಾಗಿ ತುಂಡು ತುಂಡು. ಒಂದು ಹಂಚಿನಲ್ಲಿ ಹುಟ್ಟಿದ ಅಲೆ ಅದರ ಅಂಚಿಗೆ ಬಂದು ನಿಲ್ಲುತ್ತದೆ. ಹಂಚಿಗೆ ಹಂಚು ತಾಗುವ ಕಡೆ ಉಜ್ಜಾಟದಲ್ಲಿ ಶಕ್ತಿ ಕರಗುತ್ತದೆ. ತಗಡಿಗೆ ಇರುವ ಅಲೆಯಲೆಯಾದ ಮಡಿಕೆಯೂ ಸದ್ದನ್ನು ಹೆಚ್ಚಿಸುತ್ತದೆ: ಮಡಿಕೆಯ ಉದ್ದಕ್ಕೆ ತಗಡು ಬಹಳ ಬಿಗಿಯಾಗಿರುವುದರಿಂದ ಆ ದಿಕ್ಕಿನಲ್ಲಿ ಬಾಗು ಅಲೆ ವೇಗವಾಗಿ ಓಡುತ್ತದೆ, ವೇಗವಾದ ಬಾಗು ಅಲೆ ಗಾಳಿಗೆ ಶಬ್ದವನ್ನು ಚೆನ್ನಾಗಿ ದಾಟಿಸುತ್ತದೆ.

ಪರಿಹಾರವೂ ಇಲ್ಲಿಂದಲೇ ಹೊಳೆಯುತ್ತದೆ. ತಗಡಿನ ಒಳಮೈಗೆ ಅಂಟಿಕೊಂಡು ಅದರ ಜೊತೆಗೇ ಬಾಗುವ ರಬ್ಬರಿನಂಥ ಪದರ ಬೇಕು. ತಗಡಿಗೆ ತಾಗದೆ ಕೆಳಗೆ ತೂಗುವ ಚಾವಣಿ ಬೇರೆ ರೀತಿಯಲ್ಲಿ, ಹುಟ್ಟಿದ ಸದ್ದನ್ನು ತಡೆದು, ನೆರವಾಗುತ್ತದೆ. ಕಂಪನ ಹುಟ್ಟುವುದನ್ನು ಅದು ನಿಲ್ಲಿಸಲಾರದು.

ವೀಣೆ ತಂತಿ ಮೀಟಿದರೆ ಸ್ವರ ಬರುತ್ತೆ. ಜಾಗಟೆ ಬಡಿದರೆ ಯಾಕೆ ಯಾವ ಸ್ವರ ಅಂತ ಹೇಳೋಕೇ ಆಗಲ್ಲ?

ತಂತಿಯ ಉಪಸ್ವರಗಳು ಮೂಲ ಆವೃತ್ತಿಯ 2, 3, 4 ಪಟ್ಟು, ಹೆಚ್ಚುಕಡಿಮೆ ಪೂರ್ಣಾಂಕಗಳಲ್ಲೇ ಇರುತ್ತವೆ. ಕಿವಿ ಅವನ್ನೆಲ್ಲ ಕೂಡಿಸಿ ಒಂದೇ ಸ್ವರವೆಂದು ಗ್ರಹಿಸುತ್ತದೆ. ಜಾಗಟೆಯನ್ನು ಮರಳಿ ನೆಟ್ಟಗಾಗಿಸುವುದು ಎಳೆತವಲ್ಲ, ಲೋಹದ ಬಾಗುಬಿಗಿತ. ಅಲ್ಲಿ ಉಪಸ್ವರಗಳು ಪೂರ್ಣಾಂಕದ ಲೆಕ್ಕಕ್ಕೆ ಸಿಗುವುದಿಲ್ಲ. ಎರಡೂ ತುದಿ ಬಿಟ್ಟ ಲೋಹದ ಪಟ್ಟಿಯಲ್ಲೇ ಅವು 1, 2.76, 5.40 ಎಂಬ ಪ್ರಮಾಣದಲ್ಲಿ ಬರುತ್ತವೆ. ಅಗಲವಾದ ತಟ್ಟೆಯಲ್ಲಿ ಇನ್ನೂ ಒತ್ತೊತ್ತಾಗಿರುತ್ತವೆ. ಒಂದೇ ಸ್ವರ ಹಿಡಿಯಲಾಗದ ಆ ತುಂಬುನಾದವೇ ಜಾಗಟೆಯ ಸೊಬಗು ಎಂದು ನನಗನ್ನಿಸುತ್ತದೆ.

ಹಾಗಾದ್ರೆ ಮೃದಂಗದ ಚರ್ಮವೂ ತೆಳು ಹಾಳೆಯೇ ಅಲ್ವಾ? ಅದು ಶ್ರುತಿಗೆ ಹೇಗೆ ನಿಲ್ಲುತ್ತೆ?

ಚರ್ಮದ ಬಿಗಿ ಬರುವುದು ಎಳೆತದಿಂದ, ಹಾಗಾಗಿ ಅದನ್ನು ತಟ್ಟೆ ಎನ್ನದೆ ಪೊರೆ ಎನ್ನುತ್ತೇವೆ. ಬರಿಯ ದುಂಡು ಪೊರೆಯ ಉಪಸ್ವರಗಳೂ ಪೂರ್ಣಾಂಕಗಳಲ್ಲ. ನಮ್ಮ ವಾದ್ಯಗಾರರು ನಡುವೆ ಕರಣೆ, ಅಂದರೆ ಕಪ್ಪು ಲೇಪ, ಹಚ್ಚಿ ಅಲ್ಲಿ ಭಾರ ಕೂಡಿಸಿದರು. ಆ ಭಾರ ಉಪಸ್ವರಗಳನ್ನು ಸರಿಸಿ ಪೂರ್ಣಾಂಕಗಳ ಹತ್ತಿರಕ್ಕೆ ತರುತ್ತದೆ. ಸಿ.ವಿ. ರಾಮನ್ ಇದನ್ನು 1920ರಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿವರವಾಗಿ ಬರೆದು, ಕಂಪಿಸುವ ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ತೆಗೆದ ಚಿತ್ರಗಳನ್ನು ತೋರಿಸಿದರು.

ಮರಳು ತಾನಾಗಿ ಚಿತ್ತಾರವಾಗುವ ವಿಡಿಯೋ ನೋಡಿದೆ. 'ಓಂ' ಅಂದರೆ ಶ್ರೀಚಕ್ರ ಮೂಡುತ್ತೆ ಅಂತಾರೆ, ನಿಜವೇ?

ಮರಳಿನ ಚಿತ್ತಾರ ನಿಜ. ತಟ್ಟೆ ಕಂಪಿಸುವಾಗ ಕೆಲವು ಗೆರೆಗಳ ಮೇಲೆ ಚಲನೆಯೇ ಇರುವುದಿಲ್ಲ. ಕುಣಿಯುವ ಜಾಗದಿಂದ ಎಸೆಯಲ್ಪಟ್ಟ ಮರಳು ಆ ಗೆರೆಗಳಲ್ಲಿ ಬಂದು ಕೂರುತ್ತದೆ. ಜರ್ಮನಿಯ ಎರ್ನ್ಸ್ಟ್ ಕ್ಲಾಡ್ನಿ ಪಿಟೀಲಿನ ಕಮಾನಿನಿಂದ ತಟ್ಟೆಯ ಅಂಚನ್ನು ಉಜ್ಜಿ ಇವನ್ನು ಮೂಡಿಸಿ, 1787ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಪ್ಯಾರಿಸಿನಲ್ಲಿ ನೆಪೋಲಿಯನ್ನನಿಗೂ ತೋರಿಸಿದ. ಇದರ ಗಣಿತ ಹೇಳಿದವರಿಗೆ ಅಲ್ಲಿನ ವಿಜ್ಞಾನ ಅಕಾಡೆಮಿ ಬಹುಮಾನ ಸಾರಿತು. ಹೆಣ್ಣೆಂಬ ಕಾರಣಕ್ಕೆ ಕಾಲೇಜಿನ ಬಾಗಿಲೇ ತೆರೆಯದಿದ್ದ ಸೋಫಿ ಜರ್ಮೇನ್ ಎರಡು ಸಲ ಸೋತು, ಮೂರನೆಯ ಯತ್ನದಲ್ಲಿ, 1816ರಲ್ಲಿ ಅದನ್ನು ಗೆದ್ದರು. ತಟ್ಟೆಯ ಅಂಚಿನಲ್ಲಿ ಏನಾಗುತ್ತದೆ ಎಂಬ ತೊಡಕನ್ನು 1850ರಲ್ಲಿ ಕಿರ್ಕಾಫ್ ಬಿಡಿಸಿದ. ಇಂದು ನಾವು ಕಂಪ್ಯೂಟರಿನಲ್ಲಿ ಬಿಡಿಸುವ ತಟ್ಟೆಯ ಸಮೀಕರಣದ ಬೇರು ಜರ್ಮೇನ್ ಅವರ ಆ ಕೆಲಸದಲ್ಲಿದೆ.

ಶ್ರೀಚಕ್ರದ ವಿಷಯಕ್ಕೆ ಬಂದರೆ, ಚಿತ್ತಾರವನ್ನು ನಿರ್ಧರಿಸುವುದು ಉಚ್ಚರಿಸಿದ ಅಕ್ಷರವಲ್ಲ. ಆವೃತ್ತಿ, ತಟ್ಟೆಯ ಆಕಾರ, ದಪ್ಪ ಮತ್ತು ಅದನ್ನು ಎಲ್ಲಿ ಹಿಡಿದಿದ್ದೇವೆ ಎಂಬುದು. ಅದೇ 'ಓಂ' ಅನ್ನು ಅದೇ ಶ್ರುತಿಯಲ್ಲಿ ಚೌಕ ತಟ್ಟೆಗೆ ಕೇಳಿಸಿದರೆ ಒಂದು ಚಿತ್ರ, ದುಂಡು ತಟ್ಟೆಗೆ ಇನ್ನೊಂದು. ಧ್ಯಾನಕ್ಕೆ ಓಂಕಾರ ಕೊಡುವ ನೆಮ್ಮದಿಗೆ ಮರಳಿನ ಸಾಕ್ಷಿ ಬೇಕಿಲ್ಲ.

ಹಂಪಿಯ ಸಂಗೀತ ಕಂಬಗಳು ಟೊಳ್ಳಾಗಿವೆ ಅಂತ ಗೈಡು ಹೇಳಿದರು. ಹೌದಾ?

ಅಲ್ಲ, ಅವು ಗಟ್ಟಿ ಕಲ್ಲು. ಕಲ್ಪಾಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವಿಠ್ಠಲ ದೇವಾಲಯದ ಕಂಬಗಳನ್ನು, ಕಲ್ಲಿಗೆ ಏನೂ ಹಾನಿಯಾಗದ ವಿಧಾನಗಳಿಂದ ಪರೀಕ್ಷಿಸಿದ್ದಾರೆ. ಕೇಳುವ ನಾದ ಮುಖ್ಯವಾಗಿ ಸಣ್ಣ ಕಂಬದ ಬಾಗು ಕಂಪನದ್ದು. ಎತ್ತರ, ಅಡ್ಡಳತೆ, ಆಕಾರ ಬೇರೆಯಾದಂತೆ ನಾದ ಬೇರೆ. ಈಗ ಅವನ್ನು ಬಡಿಯುವುದಕ್ಕೆ ನಿಷೇಧವಿದೆ. ಶತಮಾನಗಳ ಹೊಡೆತ ತಿಂದ ಕಲ್ಲು, ದಯವಿಟ್ಟು ಮುಟ್ಟಬೇಡಿ.

## ಇನ್ನಷ್ಟು ಒಳಗೆ

ಬಾಗು ಅಲೆಯ ವೇಗ ಆವೃತ್ತಿ ಹೆಚ್ಚಿದಂತೆ ಹೆಚ್ಚುತ್ತೆ ಅಂತ ಓದಿದೆ. ಒಂದೇ ವಸ್ತುವಿನಲ್ಲಿ ವೇಗ ಹೇಗೆ ಬದಲಾಗುತ್ತೆ?

ಒಂದು ಉದ್ದನೆಯ ಪ್ಲಾಸ್ಟಿಕ್ ಸ್ಕೇಲನ್ನು ಎರಡು ತುದಿ ಹಿಡಿದು ಬಾಗಿಸಿ, ಸುಲಭ. ಅದನ್ನೇ ಎರಡು ಅಂಗುಲ ಬಿಟ್ಟು ಹಿಡಿದು ಬಾಗಿಸಿ, ಆಗುವುದಿಲ್ಲ. ತುಂಡು ಗಿಡ್ಡವಾದಷ್ಟೂ ಬಿಗಿ. ಗಿಡ್ಡ ತರಂಗದೂರದ ಅಲೆಗೆ ತಗಡು ಹೆಚ್ಚು ಬಿಗಿಯಾಗಿ ಕಾಣುತ್ತದೆ, ಆದ್ದರಿಂದ ಅದು ಹೆಚ್ಚು ವೇಗವಾಗಿ ಓಡುತ್ತದೆ. ಲೆಕ್ಕ ಹಾಕಿದರೆ ವೇಗ ಬರುವುದು 'ಆವೃತ್ತಿ × ದಪ್ಪ'ದ ವರ್ಗಮೂಲಕ್ಕೆ ಸರಿಯಾಗಿ. 1 ಮಿಲಿಮೀಟರ್ ಉಕ್ಕಿನ ತಗಡಿನಲ್ಲಿ 1,000 ಹರ್ಟ್ಸ್ ಬಾಗು ಅಲೆ ಸೆಕೆಂಡಿಗೆ ಸುಮಾರು 100 ಮೀಟರ್ ಮಾತ್ರ ಓಡುತ್ತದೆ, ಗಾಳಿಯ ಶಬ್ದಕ್ಕಿಂತಲೂ ನಿಧಾನ! 4,000 ಹರ್ಟ್ಸ್‌ಗೆ ಅದು 200 ಆಗುತ್ತದೆ. ಇದು ಅಲೆಯ ಏರಿಳಿತದ ವೇಗ. ಶಕ್ತಿಯ ಗುಂಪು ಇದರ ಎರಡರಷ್ಟು ವೇಗದಲ್ಲಿ ಹೋಗುತ್ತದೆ.

ಹೀಗೆ ಆವೃತ್ತಿಗೆ ತಕ್ಕಂತೆ ವೇಗ ಬೇರೆಯಾಗುವುದನ್ನು ಡಿಸ್ಪರ್ಷನ್ ಎನ್ನುತ್ತಾರೆ. ಹೆಪ್ಪುಗಟ್ಟಿದ ದೊಡ್ಡ ಸರೋವರಗಳ ಮೇಲೆ ಇದನ್ನು ಕಿವಿಯಲ್ಲೇ ಕೇಳಬಹುದು. ದೂರದಲ್ಲಿ ಮಂಜುಗಡ್ಡೆ ಬಿರುಕುಬಿಟ್ಟಾಗ ಎಲ್ಲ ಆವೃತ್ತಿಗಳೂ ಒಟ್ಟಿಗೆ ಹೊರಡುತ್ತವೆ. ನಮ್ಮ ಬಳಿಗೆ ಕೀಚಲು ಮೊದಲು, ಗಡಸು ಆಮೇಲೆ ಬರುವುದರಿಂದ 'ಪಟ್' ಅನ್ನುವ ಸದ್ದು 'ಪ್ಯೂಂ' ಎಂದು ಇಳಿಯುತ್ತಾ ಕೇಳಿಸುತ್ತದೆ.

ರಸ್ತೆ ಕಡೆ ಕಿಟಕಿಗೆ ದಪ್ಪ ಗಾಜು ಹಾಕಿಸಿದೆ. ಆದರೂ ಕೆಲವು ಸದ್ದು ಹಾಗೇ ಒಳಗೆ ಬರುತ್ತೆ. ಮೋಸ ಹೋದೆನಾ?

ಇದಕ್ಕೆ ಗಾಜು ಮಾರಿದವರನ್ನು ದೂರಬೇಕಿಲ್ಲ. ಗಾಜಿನ ಬಾಗು ಅಲೆಯ ವೇಗ ಆವೃತ್ತಿಯೊಂದಿಗೆ ಏರುತ್ತಾ ಒಂದು ಹಂತದಲ್ಲಿ ಗಾಳಿಯ ಶಬ್ದದ ವೇಗಕ್ಕೆ ಸಮವಾಗುತ್ತದೆ. ಅಲ್ಲಿಂದ ಮೇಲೆ ಹೊರಗಿನ ಅಲೆಯೂ ಗಾಜಿನ ಅಲೆಯೂ ಹೆಜ್ಜೆಗೆ ಹೆಜ್ಜೆ ಹಾಕುತ್ತವೆ, ಗಾಜು ತಡೆಯುವುದನ್ನು ಬಿಟ್ಟು ಸದ್ದನ್ನು ಸಾಗಿಸಿಬಿಡುತ್ತದೆ. 6 ಮಿಲಿಮೀಟರ್ ಗಾಜಿಗೆ ಈ ಆವೃತ್ತಿ ಸುಮಾರು 2,000 ಹರ್ಟ್ಸ್. ದಪ್ಪವನ್ನು 12 ಮಾಡಿದರೆ ಸುಮಾರು 1,000ಕ್ಕೆ ಇಳಿದು ಮಾತಿನ ಆವೃತ್ತಿಗಳ ನಡುವೆಯೇ ಬಂದು ಕೂರುತ್ತದೆ. ಎರಡು ಗಾಜು ಹಾಕಿಸುವವರು ಬೇರೆ ಬೇರೆ ದಪ್ಪದ್ದನ್ನು ಆರಿಸಿ. ಎರಡರ ದೌರ್ಬಲ್ಯವೂ ಒಂದೇ ಆವೃತ್ತಿಯಲ್ಲಿ ಬೀಳದು. ನಡುವೆ ಮೆದು ಪದರವಿರುವ ಲ್ಯಾಮಿನೇಟೆಡ್ ಗಾಜು ಇನ್ನೂ ಒಳ್ಳೆಯದು. ಅದಕ್ಕೂ ಮೊದಲು ಚೌಕಟ್ಟಿನ ಸಂದು ಮುಚ್ಚಿದೆಯೇ ನೋಡಿ.

ಲ್ಯಾಂಬ್ ಅಲೆ, ರೇಲೀ ಅಲೆ ಅಂತೆಲ್ಲ ಬರುತ್ತೆ. ಇವೆರಡಕ್ಕೂ ಏನು ಸಂಬಂಧ?

ದಪ್ಪ ವಸ್ತುವಿನ ಮೇಲ್ಮೈಗೆ ಅಂಟಿಕೊಂಡೇ ಓಡುವ ಅಲೆಯನ್ನು ಲಾರ್ಡ್ ರೇಲೀ 1885ರಲ್ಲಿ ಗಣಿತದಿಂದ ಕಂಡುಕೊಂಡ. ಭೂಕಂಪದಲ್ಲಿ ನೆಲ ಉರುಳಿದಂತೆ ಅಲುಗುವುದು ಇದರಿಂದ. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಹೊರೇಸ್ ಲ್ಯಾಂಬ್ 1917ರಲ್ಲಿ ಎರಡು ಮುಖಗಳಿರುವ ತಟ್ಟೆಯ ಸಮಸ್ಯೆ ಬಿಡಿಸಿದ. ಅಲ್ಲಿ ಎರಡು ಕುಟುಂಬಗಳು ಸಿಗುತ್ತವೆ. ಒಂದರಲ್ಲಿ ಎರಡೂ ಮುಖಗಳು ಒಟ್ಟಿಗೆ ಉಬ್ಬಿ ಒಟ್ಟಿಗೆ ಕುಗ್ಗುತ್ತವೆ, ಉಸಿರಾಡುವ ಎದೆಯ ಹಾಗೆ. ಇದು ಸಮ್ಮಿತ ಅಥವಾ ಎಸ್ ಕುಟುಂಬ. ಇನ್ನೊಂದರಲ್ಲಿ ಎರಡೂ ಮುಖಗಳು ಒಂದೇ ಕಡೆ ಬಾಗುತ್ತವೆ, ಗಾಳಿಗೆ ಹಾರುವ ಬಟ್ಟೆಯ ಹಾಗೆ. ಇದು ಎ ಕುಟುಂಬ. ಆವೃತ್ತಿ ಏರಿಸುತ್ತಾ ಹೋದರೆ ಎರಡೂ ಕುಟುಂಬಗಳ ಮೊದಲ ಸದಸ್ಯರು ಒಂದೇ ವೇಗಕ್ಕೆ ಬಂದು ಸೇರುತ್ತಾರೆ. ಅದು ರೇಲೀ ಅಲೆಯ ವೇಗ. ತರಂಗದೂರ ಅಷ್ಟು ಗಿಡ್ಡವಾದಾಗ ಒಂದು ಮುಖದ ಅಲೆಗೆ ಇನ್ನೊಂದು ಮುಖ ಇರುವುದೇ ತಿಳಿಯುವುದಿಲ್ಲ.

ಡಿಸ್ಪರ್ಷನ್ ಕರ್ವ್ ನೋಡಿದರೆ ತಲೆ ತಿರುಗುತ್ತೆ. ಎಲ್ಲಿಂದ ಓದೋದು?

ಎಡ ಅಂಚಿನಿಂದ. ಅಡ್ಡ ಅಕ್ಷದಲ್ಲಿ 'ಆವೃತ್ತಿ × ದಪ್ಪ', ನೆಟ್ಟ ಅಕ್ಷದಲ್ಲಿ ವೇಗ ಇರುತ್ತದೆ. ಅಲ್ಯುಮಿನಿಯಂ ಚಿತ್ರವನ್ನು ಮುಂದಿಟ್ಟುಕೊಳ್ಳಿ. ಎಡಗಡೆ ಎರಡೇ ಗೆರೆಗಳಿವೆ: ಸೊನ್ನೆಯಿಂದ ಏಳುವ ಎ0, ಅದೇ ನಮ್ಮ ಬಾಗು ಅಲೆ, ಮತ್ತು ಸುಮಾರು 5,400 ಮೀಟರ್ ಎತ್ತರದಲ್ಲಿ ಬಹುತೇಕ ಸಮತಟ್ಟಾಗಿ ಹೊರಡುವ ಎಸ್0. ಬಲಕ್ಕೆ ಹೋಗುತ್ತಾ 1.6 ಮೆಗಾಹರ್ಟ್ಸ್-ಮಿಲಿಮೀಟರ್ ಹತ್ತಿರ ಮೂರನೆಯದು, ಎ1, ಮೇಲಿನಿಂದ ಇಳಿಯುತ್ತದೆ. ಯಾಕೆ ಅಲ್ಲೇ? ತಗಡಿನ ದಪ್ಪದಲ್ಲಿ ಅಡ್ಡ ಅಲೆಯ ಅರ್ಧ ತರಂಗದೂರ ಸರಿಯಾಗಿ ಹಿಡಿಸುವುದು ಆಗಲೇ. ಅಡ್ಡ ಅಲೆಯ ವೇಗ ಸುಮಾರು 3,130 ಮೀಟರ್, ಅಡ್ಡ ಅಕ್ಷದ ಮಾನದಲ್ಲಿ 3.13 ಮೆಗಾಹರ್ಟ್ಸ್-ಮಿಲಿಮೀಟರ್, ಅದರ ಅರ್ಧ 1.57. ಮುಂದೆ ಬರುವ ಒಂದೊಂದು ಗೆರೆಗೂ ಹೀಗೆಯೇ ದಪ್ಪದಲ್ಲಿ ಹಿಡಿಸುವ ಒಂದು ಹೊಸ ನಿಲುವು ಕಾರಣ.

ಕೆಲಸಕ್ಕೆ ಇಳಿಯುವವರಿಗೆ ನನ್ನ ಸಲಹೆ: ಆ 1.57ರ ಎಡಗಡೆಯಲ್ಲೇ ಇರಿ. 2 ಮಿಲಿಮೀಟರ್ ತಗಡಿಗೆ ಅದು ಸುಮಾರು 780 ಕಿಲೋಹರ್ಟ್ಸ್. ಅದಕ್ಕಿಂತ ಕೆಳಗೆ ಎರಡೇ ಲ್ಯಾಂಬ್ ಮೋಡ್‌ಗಳು (ಅಲೆಯ ಬಗೆಗಳು), ಸಿಗ್ನಲ್ ಓದಬಹುದು. ಮೇಲೆ ಹೋದಿರೋ ಗೆರೆಗಳು ಜಡೆಯಂತೆ ಹೆಣೆದುಕೊಳ್ಳುತ್ತವೆ. ಇನ್ನೊಂದು: ಅಳತೆಯಲ್ಲಿ ಅಲೆಗುಚ್ಛ ಯಾವಾಗ ಬಂತು ಎಂದು ನೋಡುವಾಗ ಬಳಸಬೇಕಾದದ್ದು ಗುಂಪು ವೇಗದ ಚಿತ್ರ. ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಏರಿಳಿತದ ವೇಗ ಹಾಕಿ ಬಿರುಕನ್ನು ತಪ್ಪು ಜಾಗದಲ್ಲಿ ಗುರುತಿಸುತ್ತಾರೆ.

ವಿಮಾನದ ಮೈಯಲ್ಲೋ ಪೈಪಿನಲ್ಲೋ ಬಿರುಕು ಹುಡುಕೋಕೆ ಇದನ್ನೇ ಬಳಸ್ತಾರಂತೆ. ಮಾಮೂಲಿ ಅಲ್ಟ್ರಾಸೌಂಡ್ ಸಾಲದೇನ್ರಿ?

ಮಾಮೂಲಿ ಅಲ್ಟ್ರಾಸೌಂಡ್ ತಾನಿಟ್ಟ ಜಾಗದ ಕೆಳಗಷ್ಟೇ ನೋಡುತ್ತದೆ. ಇಡೀ ರೆಕ್ಕೆಯನ್ನು ಹಾಗೆ ಅಂಗುಲಂಗುಲ ಸವರಬೇಕು. ಲ್ಯಾಂಬ್ ಅಲೆಯನ್ನು ಒಂದು ಕಡೆ ಹುಟ್ಟಿಸಿದರೆ ತಗಡಿನ ಎರಡು ಮುಖಗಳ ನಡುವೆ ಸಿಕ್ಕಿಕೊಂಡೇ ದೂರ ಹೋಗುತ್ತದೆ. ಎಲ್ಲ ದಿಕ್ಕಿಗೂ ಚೆದುರುವ ಬದಲು ಹಾಳೆಯಲ್ಲಷ್ಟೇ ಹರಡುವುದರಿಂದ ಅದರ ಬಲ ನಿಧಾನವಾಗಿ ಕುಂದುತ್ತದೆ. ತೈಲದ ಕೊಳವೆಗಳಲ್ಲಿ ಕೆಲವು ಹತ್ತು ಕಿಲೋಹರ್ಟ್ಸ್ ಅಲೆಯನ್ನು ಬಳಸಿ, ಒಂದೇ ಜಾಗದಲ್ಲಿ ಪಟ್ಟಿ ಕಟ್ಟಿ, ಎರಡೂ ಕಡೆಗೆ ಹತ್ತಾರು ಮೀಟರ್ ನೋಡುತ್ತಾರೆ. ಮಣ್ಣಿನಡಿ ಅಥವಾ ಹೊದಿಕೆಯೊಳಗೆ ತುಕ್ಕು ಹಿಡಿದಿದ್ದರೂ ಸಿಗುತ್ತದೆ. ತುಕ್ಕು ಎಲ್ಲಿದೆ ಎಂದು ಚೆನ್ನಾಗಿ ಹೇಳುವ ಈ ಅಲೆ, ಎಷ್ಟು ಆಳ ಎಂಬುದನ್ನು ಅಷ್ಟು ಚೆನ್ನಾಗಿ ಹೇಳದು. ಅದಕ್ಕೆ ಆ ಜಾಗಕ್ಕೆ ಹೋಗಿ ಮಾಮೂಲಿ ಅಲ್ಟ್ರಾಸೌಂಡ್ ಇಡಬೇಕು.

ನಾನು ಕಲಿತ ಒಂದು ಪಾಠ ಹೇಳುತ್ತೇನೆ. ಮೊದಮೊದಲು ಅಲ್ಯುಮಿನಿಯಂ ಹಾಳೆಯ ಮೇಲೆ ಬೆಳಿಗ್ಗೆ ಒಂದು ಸಿಗ್ನಲ್ ತೆಗೆದು, ಮಧ್ಯಾಹ್ನದ ಸಿಗ್ನಲ್‌ನಿಂದ ಅದನ್ನು ಕಳೆದೆ. ಉಳಿದದ್ದು ಬಿರುಕಿನಂತೆಯೇ ಕಂಡಿತು. ಎರಡು ವಾರ ಆ ಬಿರುಕನ್ನು ಹುಡುಕಿದೆ. ಹಾಳೆಯಲ್ಲಿ ಏನೂ ಇರಲಿಲ್ಲ. ಕೋಣೆ ಬಿಸಿಯಾದಂತೆ ಅಲೆಯ ವೇಗ ಚೂರು ಇಳಿದು ಸಿಗ್ನಲ್ ಸರಿದಿತ್ತು, ಅಷ್ಟೇ. ಅಂದಿನಿಂದ ಸಿಗ್ನಲ್ ಪಕ್ಕದಲ್ಲಿ ಉಷ್ಣತೆ ಬರೆಯದ ದಿನವಿಲ್ಲ.

ಟ್ಯಾಂಕಿನಲ್ಲಿ ನೀರು ತುಂಬಿದ್ದರೆ ಅಲೆ ನೀರಿಗೆ ಇಳಿದುಹೋಗಲ್ವಾ?

ಎ0 ಇಳಿದುಹೋಗುತ್ತದೆ, ಏಕೆಂದರೆ ಅದರ ಚಲನೆ ಮುಖ್ಯವಾಗಿ ಮೇಲೆ-ಕೆಳಗೆ. ಕಡಿಮೆ ಆವೃತ್ತಿಯ ಎಸ್0 ಹೆಚ್ಚಾಗಿ ಹಾಳೆಯುದ್ದಕ್ಕೆ ಅಲುಗುವುದರಿಂದ ಬಹುಪಾಲು ಉಳಿಯುತ್ತದೆ. ಹಾಳೆಯ ಸಮತಲದಲ್ಲೇ ಅಡ್ಡಕ್ಕೆ ಅಲುಗುವ ಅಲೆಯೊಂದಿದೆ, ನೀರು ಅದನ್ನು ಹಿಡಿಯಲಾರದು. ತುಂಬಿದ ಟ್ಯಾಂಕಿಗೆ ಅದು ಒಳ್ಳೆಯ ಆಯ್ಕೆ.

ಕಾಂಕ್ರೀಟ್ ಸ್ಲ್ಯಾಬಿನ ದಪ್ಪವನ್ನು ಒಂದೇ ಕಡೆಯಿಂದ ಬಡಿದು ಅಳೆಯುವ ಸೂತ್ರದಲ್ಲಿ 0.96 ಅಂತ ಒಂದು ಗುಣಕ ಇದೆ. ಅದು ಎಲ್ಲಿಂದ ಬಂತು?

ಸಿವಿಲ್ ಎಂಜಿನಿಯರುಗಳು ಮಾತ್ರ ಕೇಳುವ ಪ್ರಶ್ನೆ, ನನಗೆ ಬಹಳ ಪ್ರಿಯವಾದದ್ದು. ಇಂಪ್ಯಾಕ್ಟ್ ಎಕೊ ವಿಧಾನದಲ್ಲಿ ಸಣ್ಣ ಉಕ್ಕಿನ ಗುಂಡಿನಿಂದ ಬಡಿದು, ಕೇಳಿದ ಆವೃತ್ತಿಯಿಂದ ದಪ್ಪ ತೆಗೆಯುತ್ತಾರೆ. ಅಲೆ ಬರೀ ಮೇಲೆ-ಕೆಳಗೆ ಓಡಾಡಿದ್ದರೆ ಆವೃತ್ತಿ ವೇಗವನ್ನು ದಪ್ಪದ ಎರಡರಷ್ಟರಿಂದ ಭಾಗಿಸಿದಷ್ಟು ಇರಬೇಕಿತ್ತು. ಅಳತೆ ಅದಕ್ಕಿಂತ ಸ್ವಲ್ಪ ಕಡಿಮೆ ಬರುತ್ತಿತ್ತು, ಹಾಗಾಗಿ ಪ್ರಯೋಗದಿಂದ 0.96 ಸೇರಿಸಿದ್ದರು. ಕಾರಣ ಸ್ಪಷ್ಟವಾದದ್ದು ಆಮೇಲೆ: ಕೇಳುತ್ತಿರುವುದು ಲ್ಯಾಂಬ್ ಕುಟುಂಬದ ಎಸ್1. ಒಂದು ಆವೃತ್ತಿಯಲ್ಲಿ ಅದರ ಗುಂಪು ವೇಗ ಸೊನ್ನೆಯಾಗುತ್ತದೆ. ಅಲೆಯ ಏರಿಳಿತ ಓಡುತ್ತಿದ್ದರೂ ಶಕ್ತಿ ಬಡಿದ ಜಾಗದಲ್ಲೇ ನಿಂತು ಗುಂಯ್ಗುಡುತ್ತದೆ. ವೇಗ 4,000 ಮೀಟರ್ ಇರುವ ಕಾಂಕ್ರೀಟಿನ 20 ಸೆಂಟಿಮೀಟರ್ ಸ್ಲ್ಯಾಬಿಗೆ ಅದು 9,600 ಹರ್ಟ್ಸ್.

ಆ ಬಿಂದುವಿನ ಪಕ್ಕದಲ್ಲಿ ಒಂದು ಚಿಕ್ಕ ಪಟ್ಟಿಯಲ್ಲಿ ಇನ್ನೂ ಅಚ್ಚರಿಯಿದೆ: ಏರಿಳಿತ ಒಂದು ಕಡೆಗೆ, ಶಕ್ತಿ ಅದರ ಎದುರು ಕಡೆಗೆ ಸಾಗುತ್ತದೆ.

## ಚಿಕ್ಕ ಅಳತೆಗಳ ಲೋಕ

ನನ್ನ ಮೊಬೈಲಿನೊಳಗೂ ಶಬ್ದದ ಅಲೆ ಓಡುತ್ತೆ ಅಂದ್ರಿ. ಸ್ಪೀಕರ್ ಬಿಟ್ಟು ಬೇರೆ ಎಲ್ಲಿ?

ಆಂಟೆನಾದ ಹಿಂದೆ. ಗಾಳಿಯಲ್ಲಿ ತುಂಬಿರುವ ನೂರಾರು ರೇಡಿಯೋ ಸಿಗ್ನಲ್‌ಗಳಲ್ಲಿ ನಿಮ್ಮ ಬ್ಯಾಂಡನ್ನಷ್ಟೇ ಸೋಸುವ ಜರಡಿಗಳು ಅಲ್ಲಿವೆ. 900 ಮೆಗಾಹರ್ಟ್ಸ್ ರೇಡಿಯೋ ಅಲೆಯ ತರಂಗದೂರ 33 ಸೆಂಟಿಮೀಟರ್. ಅದನ್ನು ಅಷ್ಟೇ ಆವೃತ್ತಿಯ ಶಬ್ದದ ಅಲೆಯಾಗಿ ಮಾರ್ಪಡಿಸಿದರೆ ಸುಮಾರು 4 ಮೈಕ್ರಾನ್‌ಗೆ ಇಳಿಯುತ್ತದೆ, ಯಾಕೆಂದರೆ ಹರಳಿನಲ್ಲಿ ಶಬ್ದ ಬೆಳಕಿಗಿಂತ ಹತ್ತಿರ ಹತ್ತಿರ ಲಕ್ಷ ಪಟ್ಟು ನಿಧಾನ. ಹಾಗಾಗಿ ಜರಡಿ ಅಕ್ಕಿಕಾಳಿಗಿಂತ ಚಿಕ್ಕದಾಗುತ್ತದೆ.

ಮಾರ್ಪಡಿಸುವುದು ಪೀಜೋ ಹರಳು: ಒತ್ತಿದರೆ ವಿದ್ಯುತ್ತು, ವಿದ್ಯುತ್ತು ಕೊಟ್ಟರೆ ಕಂಪನ. 1965ರಲ್ಲಿ ಬರ್ಕ್ಲಿಯಲ್ಲಿ ವೈಟ್ ಮತ್ತು ವೋಲ್ಟ್‌ಮರ್ ಇಂಥ ಹರಳಿನ ಮೇಲೆ, ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರ ನಡುವೆ ಒಂದು ತೂರಿಸಿದಂತೆ ಲೋಹದ ಗೆರೆಗಳನ್ನಿಟ್ಟು ಮೇಲ್ಮೈ ಅಲೆ ಹುಟ್ಟಿಸಿದರು. ಹಲ್ಲುಗಳ ಅಂತರವೇ ಆವೃತ್ತಿಯನ್ನು ಆರಿಸುತ್ತದೆ. ಹಳೆಯ ಬಣ್ಣದ ಟಿ.ವಿ. ರಿಪೇರಿ ಮಾಡಿದವರಿಗೆ 38.9 ಮೆಗಾಹರ್ಟ್ಸ್‌ನ ಸಾ (SAW, ಅಂದರೆ ಮೇಲ್ಮೈ ಶಬ್ದದ ಅಲೆ) ಫಿಲ್ಟರ್ ನೆನಪಿರುತ್ತದೆ. ಅದು ಇದೇ.

ಆವೃತ್ತಿ ಎರಡು ಮೂರು ಗಿಗಾಹರ್ಟ್ಸ್ ದಾಟಿದರೆ ಹಲ್ಲುಗಳನ್ನು ಅಷ್ಟು ಸಣ್ಣಗೆ ಕೊರೆಯುವುದು ಕಷ್ಟ. ಆಗ ಅಲೆಯನ್ನು ಹಾಳೆಯ ದಪ್ಪದಲ್ಲೇ ಮೇಲೆ-ಕೆಳಗೆ ಓಡಿಸುತ್ತಾರೆ. ಅಲ್ಯುಮಿನಿಯಂ ನೈಟ್ರೈಡ್‌ನಲ್ಲಿ ಅಲೆಯ ವೇಗ ಸುಮಾರು 11,000 ಮೀಟರ್. 2 ಗಿಗಾಹರ್ಟ್ಸ್‌ಗೆ ಅರ್ಧ ತರಂಗದೂರ 2.75 ಮೈಕ್ರಾನ್. ಮೇಲೆ ಕೆಳಗೆ ಲೋಹದ ಭಾರವೂ ಇರುವುದರಿಂದ ನಿಜವಾದ ಪದರ ಇನ್ನೂ ತೆಳು. ಅದರಡಿ ಟೊಳ್ಳು ಬಿಡುತ್ತಾರೆ, ಅಲೆ ಕೆಳಗೆ ಸೋರಿಹೋಗದಿರಲಿ ಎಂದು. 2009ರಲ್ಲಿ ಜಪಾನಿನ ಸಂಶೋಧಕರು ಈ ಪದರಕ್ಕೆ ಸ್ಕ್ಯಾಂಡಿಯಂ ಬೆರೆಸಿ ಪೀಜೋ ಗುಣ ಹಲವು ಪಟ್ಟು ಹೆಚ್ಚುವುದನ್ನು ತೋರಿಸಿದರು. ಇಂದಿನ ಅಗಲ ಬ್ಯಾಂಡ್‌ಗಳಿಗೆ ಅದು ದಾರಿಮಾಡಿತು.

ಲ್ಯಾಬಿನಲ್ಲಿ ಕ್ವಾರ್ಟ್ಜ್ ಬಿಲ್ಲೆಯಿಂದ ತೂಕ ಅಳೆಯುತ್ತಾರೆ. ತಕ್ಕಡಿ ಇಲ್ಲದೆ ಹೇಗೆ?

ಸುಮಾರು 0.33 ಮಿಲಿಮೀಟರ್ ದಪ್ಪದ ಕ್ವಾರ್ಟ್ಜ್ ಬಿಲ್ಲೆ 5 ಮೆಗಾಹರ್ಟ್ಸ್‌ನಲ್ಲಿ ಅಡ್ಡಕ್ಕೆ ಅಲುಗುತ್ತದೆ. ಅದರ ಮೇಲೆ ಏನಾದರೂ ಕೂತರೆ ಬಿಲ್ಲೆ ಅಷ್ಟು ದಪ್ಪವಾದಂತೆ, ಆವೃತ್ತಿ ಇಳಿಯುತ್ತದೆ. ಒಂದು ಚದರ ಸೆಂಟಿಮೀಟರ್ ಮೇಲೆ 17.7 ನ್ಯಾನೋಗ್ರಾಂ ಕೂತರೆ 1 ಹರ್ಟ್ಸ್ ಇಳಿತ. ಸಾವರ್‌ಬ್ರೈ 1959ರಲ್ಲಿ ಕೊಟ್ಟ ಲೆಕ್ಕ ಇದು. ಬಿಗಿಯಾಗಿ ಅಂಟಿದ ತೆಳು ಪದರಕ್ಕೆ ಮಾತ್ರ ಸರಿ. ಲೋಳೆಯಂಥ ಜೈವಿಕ ಪದರಕ್ಕೆ ಹಾಗೆಯೇ ಹಾಕಿದರೆ ಉತ್ತರ ತಪ್ಪುತ್ತದೆ.

ಗಾಳಿಯ ಶಬ್ದವೂ ಸಣ್ಣ ತೂತುಗಳಲ್ಲಿ ಬೇರೆ ಥರ ವರ್ತಿಸುತ್ತಾ?

ಹೌದು, ಅಲ್ಲಿ ಗಾಳಿ ಅಂಟಾಗುತ್ತದೆ. ಗೋಡೆಗೆ ತಾಗಿದ ಗಾಳಿ ಅಲುಗದೆ ನಿಲ್ಲುತ್ತದೆ. ಹೀಗೆ ಗೋಡೆಯ ಹಿಡಿತಕ್ಕೆ ಸಿಕ್ಕ ಪದರದ ದಪ್ಪ 1,000 ಹರ್ಟ್ಸ್‌ನಲ್ಲಿ ಸುಮಾರು 70 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ತೂತೂ ಅಷ್ಟೇ ಸಣ್ಣದಾದರೆ ಒಳಗಿನ ಗಾಳಿಯೆಲ್ಲ ಉಜ್ಜಾಟಕ್ಕೆ ಸಿಕ್ಕಿ ಶಬ್ದ ಶಾಖವಾಗುತ್ತದೆ. ಚೀನಾದ ಮಾ ದಾಯೂ 1975ರಲ್ಲಿ ಇದನ್ನೇ ಬಳಸಿ, ಒಂದು ಮಿಲಿಮೀಟರ್‌ಗಿಂತ ಸಣ್ಣ ತೂತುಗಳ ಹಾಳೆಯಿಂದ, ಹತ್ತಿ ನಾರು ಯಾವುದೂ ಇಲ್ಲದೆ ಸದ್ದು ಹೀರುವ ವಿಧಾನ ಕೊಟ್ಟರು. ಫೋನಿನ ಪುಟ್ಟ ಮೈಕ್ ಮಾಡುವವರಿಗೆ ಮಾತ್ರ ಇದು ತಲೆನೋವು.

ಫೋನೋನಿಕ್ ಕ್ರಿಸ್ಟಲ್ ಅಂದರೆ ನಿಜವಾಗಿ ಕ್ರಿಸ್ಟಲ್ಲಾ?

ಕ್ರಮವಾಗಿ ಮರುಕಳಿಸುವ ರಚನೆ ಅಷ್ಟೇ. ಮ್ಯಾಡ್ರಿಡ್‌ನಲ್ಲಿ ಯೂಸೆಬಿಯೊ ಸೆಂಪೆರೆ ಮಾಡಿದ ಶಿಲ್ಪವೊಂದಿದೆ, ಉಕ್ಕಿನ ಕೊಳವೆಗಳನ್ನು 10 ಸೆಂಟಿಮೀಟರಿಗೊಂದರಂತೆ ನಿಲ್ಲಿಸಿದ್ದು. 1995ರಲ್ಲಿ ಅದರ ಮೂಲಕ ಶಬ್ದ ಹಾಯಿಸಿ ನೋಡಿದಾಗ 1,670 ಹರ್ಟ್ಸ್ ಹತ್ತಿರ ಚೆನ್ನಾಗಿ ತಡೆಯಿತು. ಲೆಕ್ಕ ಹಾಕಿ: ಆ ಆವೃತ್ತಿಯ ಅರ್ಧ ತರಂಗದೂರ 10.2 ಸೆಂಟಿಮೀಟರ್. ಸಾಲು ಸಾಲಾಗಿ ಮರಳಿ ಬಂದ ಅಲೆಗಳು ಕೂಡಿಕೊಂಡು ಮುಂದಿನ ದಾರಿ ಮುಚ್ಚುತ್ತವೆ.

ಹೀಗೆ ಗಡಸು ಸದ್ದು ತಡೆಯಲು ಮೀಟರುಗಟ್ಟಲೆ ಜಾಗ ಬೇಕಾಗುತ್ತದಲ್ಲ? 2000ರಲ್ಲಿ ಹಾಂಗ್‌ಕಾಂಗಿನ ತಂಡ ಅದಕ್ಕೆ ಉತ್ತರ ಕೊಟ್ಟಿತು. ಸೀಸದ ಗುಂಡುಗಳಿಗೆ ಮೆದು ಸಿಲಿಕೋನ್ ರಬ್ಬರ್ ಹೊದಿಸಿ ಎಪಾಕ್ಸಿಯಲ್ಲಿ ಕೂರಿಸಿದರು. ಒಂದೊಂದು ಗುಂಡೂ ತನ್ನದೇ ಆವೃತ್ತಿಯಲ್ಲಿ ಎದುರುದಿಕ್ಕಿಗೆ ತೂಗಿ, ಗುಂಡುಗಳ ಅಂತರಕ್ಕಿಂತ ಎಷ್ಟೋ ಉದ್ದದ ಅಲೆಯನ್ನು 400 ಹರ್ಟ್ಸ್ ಹತ್ತಿರ ತಡೆದವು.

'ಅಕೌಸ್ಟಿಕ್ ಬ್ಲ್ಯಾಕ್ ಹೋಲ್' ಅನ್ನೋದು ಬರೀ ದೊಡ್ಡ ಹೆಸರಾ, ಒಳಗೆ ಏನಾದರೂ ಇದೆಯಾ?

ಇದೆ, ಸುಂದರವಾದ ವಿಚಾರ. ಬಾಗು ಅಲೆಯ ವೇಗ ದಪ್ಪದ ವರ್ಗಮೂಲವನ್ನು ಅನುಸರಿಸುತ್ತದೆ. ಹಾಗಾದರೆ ತಗಡಿನ ಅಂಚನ್ನು ನಯವಾಗಿ ತೆಳುವಾಗಿಸುತ್ತಾ ಹೋದರೆ ಅಲೆ ನಿಧಾನವಾಗುತ್ತಾ ಹೋಗಬೇಕು. ತಗಡಿನ ದಪ್ಪವು, ತುದಿಯಿಂದಿರುವ ದೂರದ ವರ್ಗದಂತೆ ಅಥವಾ ಇನ್ನೂ ಬೇಗ ಇಳಿದರೆ, ಅಲೆ ತುದಿ ತಲುಪುವುದೇ ಇಲ್ಲ ಎಂದು 1988ರಲ್ಲಿ ಮಿರೊನೊವ್ ತೋರಿಸಿದ. ತಲುಪದ ಅಲೆ ಮರಳುವುದೂ ಇಲ್ಲ. ನಿಜವಾದ ಅಂಚು ಎಂದಿಗೂ ಸೊನ್ನೆಯಾಗದು, ಆದ್ದರಿಂದ ತುದಿಗೆ ಚೂರು ರಬ್ಬರ್ ಪಟ್ಟಿ ಅಂಟಿಸುತ್ತಾರೆ. ಇಡೀ ತಗಡಿಗೆ ಹಚ್ಚಬೇಕಿದ್ದ ಪದರದ ಕೆಲಸವನ್ನು ಆ ಚೂರು ಮಾಡುತ್ತದೆ.

ಇಷ್ಟು ಸಣ್ಣ ಅಲೆಗಳನ್ನು ಕಣ್ಣಾರೆ ನೋಡೋಕೆ ಆಗುತ್ತಾ?

ಬೆಳಕಿನ ನೆರವಿನಿಂದ. ಶಬ್ದದ ಅಲೆ ಪಾರದರ್ಶಕ ವಸ್ತುವಿನಲ್ಲಿ ಹಾದಾಗ ಅಲ್ಲಿ ಸಾಂದ್ರ-ವಿರಳ ಪಟ್ಟೆಗಳು ಮೂಡುತ್ತವೆ, ಬೆಳಕು ಅದರ ಮೇಲೆ ಬಿದ್ದು ಹಲವು ಕಿರಣಗಳಾಗಿ ಒಡೆಯುತ್ತದೆ. 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಇದು ಕಂಡುಬಂತು. ಯಾಕೆ ಅಷ್ಟು ಕಿರಣಗಳು ಎಂಬುದನ್ನು ಬೆಂಗಳೂರಿನಲ್ಲಿ ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ ಸರಣಿ ಲೇಖನಗಳಲ್ಲಿ ಬಿಡಿಸಿದರು. ರಾಮನ್-ನಾಥ್ ಸಿದ್ಧಾಂತ ಎಂದು ಲೋಕವೆಲ್ಲ ಕರೆಯುವುದು ಅದನ್ನೇ. ತಗಡಿನಂಥ ಅಪಾರದರ್ಶಕ ಮೇಲ್ಮೈಗೆ ಲೇಸರ್ ವೈಬ್ರೋಮೀಟರ್ ಇದೆ. ಒಂದು ಪರಮಾಣುವಿಗಿಂತ ಕಡಿಮೆ ಅಲುಗಾಟವನ್ನೂ ಅದು ಹಿಡಿಯಬಲ್ಲದು.

ಸಿಮ್ಯುಲೇಶನ್ ಮಾಡುವಾಗ ಮೆಶ್ ಎಷ್ಟು ಸಣ್ಣಗಿರಬೇಕು?

ಅತಿ ಗಿಡ್ಡ ತರಂಗದೂರಕ್ಕೆ ಕನಿಷ್ಠ 10 ಎಲಿಮೆಂಟ್. 20 ಇದ್ದರೆ ನೆಮ್ಮದಿ. ಗಿಡ್ಡ ಎಂದರೆ ಎ0ದು, ಎಸ್0ದಲ್ಲ. ಮೊದಲು ಬಿರುಕಿಲ್ಲದ ತಗಡಿನಲ್ಲಿ ಓಡಿಸಿ, ಬಂದ ವೇಗ ಡಿಸ್ಪರ್ಷನ್ ಚಿತ್ರಕ್ಕೆ ತಾಳೆಯಾಗುತ್ತದೆಯೇ ನೋಡದೆ ಮುಂದೆ ಹೋಗಬೇಡಿ.

ಹಾಳೆಯನ್ನು ತೆಳುವಾಗಿಸುತ್ತಾ ಹೋದರೆ ಕೊನೆಗೆ ಈ ನಿಯಮಗಳೆಲ್ಲ ಮುರಿದುಬೀಳುತ್ತವಾ?

ನಾವು ಊಹಿಸುವುದಕ್ಕಿಂತ ಬಹಳ ದೂರ ಅವು ನಮ್ಮ ಜೊತೆ ಬರುತ್ತವೆ. ಕೆಲವು ಹತ್ತು ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಪೊರೆಗಳು ಹಳೆಯ ಸಮೀಕರಣಗಳಿಗೇ ಬಗ್ಗುತ್ತವೆ. ಬದಲಾಗುವುದು ಯಾವ ಬಲ ಮೇಲುಗೈ ಎಂಬುದು. ಬಾಗುಬಿಗಿತ ದಪ್ಪದ ಘನವನ್ನು ಅನುಸರಿಸುವುದರಿಂದ ತೆಳುವಾದಂತೆ ಅದು ಇಲ್ಲವೇ ಇಲ್ಲ ಎನ್ನುವಷ್ಟಾಗಿ, ಎಳೆತವೇ ಉಳಿಯುತ್ತದೆ. ಜಾಗಟೆಯಾಗಿದ್ದದ್ದು ಮೃದಂಗವಾಗುತ್ತದೆ. ಎಳೆತದಲ್ಲಿ ಕೂಡಿಟ್ಟ ಶಕ್ತಿ ಬಹುತೇಕ ಸೋರುವುದಿಲ್ಲ, ಸೋರುವುದು ಬಾಗಿನಲ್ಲಿ. ಆದ್ದರಿಂದ ಬಿಗಿಯಾಗಿ ಎಳೆದ ಪೊರೆ ನಿರ್ವಾತದಲ್ಲಿ ಬಹಳ ಹೊತ್ತು ಕಂಪಿಸುತ್ತದೆ. ಪೊರೆಯ ಸುತ್ತ ಫೋನೋನಿಕ್ ತೂತುಗಳ ಸಾಲು ಕೊರೆದು, ಅಂಚಿನ ಬಾಗನ್ನೂ ತಗ್ಗಿಸಿ, 2017ರಲ್ಲಿ ಕೋಪನ್‌ಹೇಗನ್ನಿನ ತಂಡ 10 ಕೋಟಿಗೂ ಮೀರಿದ ಗುಣಾಂಕವನ್ನು ಕೋಣೆಯ ಉಷ್ಣತೆಯಲ್ಲೇ ಪಡೆಯಿತು. ಅಂದರೆ ಒಮ್ಮೆ ತಟ್ಟಿದರೆ ಕೋಟ್ಯಂತರ ಸಲ ಅಲುಗಿದ ಮೇಲಷ್ಟೇ ಕಂಪನ ಅಡಗುವುದು. ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆಯನ್ನೂ 2007ರಲ್ಲಿ ಕಾರ್ನೆಲ್‌ನಲ್ಲಿ ಹೀಗೆ ಕಂಪಿಸುವಂತೆ ಮಾಡಿದರು.

ನಿಯಮ ನಿಜವಾಗಿ ಸೋಲುವುದು ತರಂಗದೂರವೇ ಪರಮಾಣುಗಳ ಅಂತರದ ಹತ್ತಿರ ಬಂದಾಗ. ಅಂಥ ಅಲೆಗಳು ನಮಗೆ ಹೊಸವಲ್ಲ, ವಸ್ತುವಿನೊಳಗಿನ ಶಾಖವೇ ಅವು: ಲಕ್ಷ ಕೋಟಿ ಹರ್ಟ್ಸ್‌ಗಳಲ್ಲಿ ಗೊತ್ತುಗುರಿಯಿಲ್ಲದೆ ಅಲುಗುವ ಶಬ್ದ. ಸಿಲಿಕಾನ್ ಹಾಳೆಯನ್ನು ಹತ್ತಾರು ನ್ಯಾನೋಮೀಟರ್‌ಗೆ ಇಳಿಸಿದರೆ ಈ ಅಲೆಗಳು ಎರಡು ಮುಖಗಳಿಗೂ ಬಡಿದು ಬಡಿದು ದಾರಿ ತಪ್ಪುತ್ತವೆ, ಶಾಖ ಸಾಗುವುದು ಕುಂದುತ್ತದೆ. ಇಂದು ಚಿಪ್ಪಿನೊಳಗಿನ ಬಿಸಿಯನ್ನು ಹೊರಗೆ ಸಾಗಿಸಲು ಹೆಣಗುತ್ತಿರುವ ಎಂಜಿನಿಯರುಗಳು ಲೆಕ್ಕ ಹಾಕುತ್ತಿರುವುದೂ ತೆಳು ಹಾಳೆಯಲ್ಲಿ ಓಡುವ ಶಬ್ದವನ್ನೇ.